ಹುಡುಗನ ಭವಿಷ್ಯ ನಮಗೆ ಬಿಡಿ

ಐಸ್ ಹಾಕಿ ಆಟಗಾರ ಟ್ರೆವರ್ ಜೆಗ್ರಸ್ ಅನಾಹೈಮ್ ತಂಡ ಬಿಟ್ಟು ಫಿಲಡೆಲ್ಫಿಯಾಕ್ಕೆ ಬಂದದ್ದು ಬಹಳ ಒಳ್ಳೆಯದಾಯಿತು. ಅಲ್ಲಿಯ ಫ್ಲೈಯರ್ಸ್ ತಂಡಕ್ಕೆ ಅಂತಲ್ಲ, ಅದು ಆಮೇಲಿನ ಮಾತು. ಅಭಿಮಾನಿಗಳಿಗೆ. ಸತತ ಐದು ಸೀಸನ್‌ ಪ್ಲೇಆಫ್‌ನ ಮುಖ ನೋಡದ ಜನ ಜೂನ್ ತಿಂಗಳಲ್ಲಿ ಏನಂತ ಮಾತಾಡಬೇಕು ಪಾಪ. 2025ರ ಜೂನ್ 23ಕ್ಕೆ ಟ್ರೇಡ್ ಆಯಿತು ನೋಡಿ, ಅಂದರೆ ಎರಡು ತಂಡಗಳ ನಡುವೆ ಆಟಗಾರರ ಅದಲು ಬದಲು, ಅವತ್ತಿನಿಂದ ಒಬ್ಬರಿಗೂ ಪುರುಸೊತ್ತಿಲ್ಲ.

ಪ್ರಶ್ನೆ ಒಂದೇ. ಹುಡುಗ ಸೆಂಟರ್ರೋ, ವಿಂಗರ್ರೋ? ಅಂದರೆ ದಾಳಿಯ ನಡುವೆ ಆಡುವವನೋ, ಬದಿಯಲ್ಲಿ ಆಡುವವನೋ?

ಸೆಂಟರ್ ಆದರೆ ಫೇಸ್‌ಆಫ್‌ಗೆ ಬಗ್ಗಬೇಕು, ಅಂದರೆ ರೆಫರಿ ಇಬ್ಬರ ನಡುವೆ ಬೀಳಿಸುವ ಪಕ್ಕಿಗಾಗಿ, ಆಟದ ಆ ರಬ್ಬರ್ ಬಿಲ್ಲೆಗಾಗಿ, ಸೆಣಸಬೇಕು. ಎದುರಾಳಿ ನುಗ್ಗಿದಾಗ ಸ್ವಂತ ಗೋಲಿನ ತನಕ ವಾಪಸ್ ಬಂದು ಡಿಫೆನ್ಸ್‌ನವರಿಗೆ ಕೈ ಜೋಡಿಸಬೇಕು. ವಿಂಗರ್‌ಗೆ ಅಷ್ಟು ತಾಪತ್ರಯ ಇಲ್ಲ. ಜೆಗ್ರಸ್ ಫೇಸ್‌ಆಫ್‌ನಲ್ಲಿ ಗೆಲ್ಲುವುದಕ್ಕಿಂತ ಸೋಲುವುದೇ ಜಾಸ್ತಿ, ಅದು ನಿಜ. ಅನಾಹೈಮ್‌ನಲ್ಲಿ ಅವನನ್ನು ಅಲ್ಲೂ ಆಡಿಸಿದರು, ಇಲ್ಲೂ ಆಡಿಸಿದರು, ಕೊನೆಗೆ ಕಳಿಸಿಕೊಟ್ಟರು. ಫಿಲಡೆಲ್ಫಿಯಾದಲ್ಲಿ ಎರಡು ಪಂಗಡ ಆದವು. ಆ ವರ್ಷದ ಹೊಸ ಕೋಚ್ ರಿಕ್ ಟಾಕೆಟ್‌ಗೆ ಕೆಲಸವೇ ಉಳಿಯಲಿಲ್ಲ. ಯಾರ ಎಡಕ್ಕೆ ಯಾರು, ಯಾರ ಬಲಕ್ಕೆ ಯಾರು, ಎದುರಾಳಿಗೆ ಒಬ್ಬ ಕಡಿಮೆ ಇರುವ ಪವರ್ ಪ್ಲೇನಲ್ಲಿ ಎಲ್ಲಿ ನಿಲ್ಲಬೇಕು ಎನ್ನುವುದೆಲ್ಲ ಜುಲೈ ಒಳಗೇ ತೀರ್ಮಾನ ಆಗಿಹೋಯಿತು. ಐಸ್ ಹಾಕುವುದೊಂದು ಬಾಕಿ ಇತ್ತು.

ವಿಂಗರ್ ಪಂಗಡದವರ ಹತ್ತಿರ ಸಾಕ್ಷಿಗೆ ಸಣ್ಣದೊಂದು ವಿಡಿಯೋ ಇರುತ್ತದೆ. ಪಕ್ ಕಳೆದುಕೊಂಡ ಮೇಲೆ ಹುಡುಗ ಹಿಂದಕ್ಕೆ ಬರುತ್ತಿದ್ದಾನೆ. ಕಾಲು ಒತ್ತುತ್ತಿಲ್ಲ, ಸುಮ್ನೆ ಜಾರುತ್ತಿದ್ದಾನೆ. ಸುತ್ತ ಒಂದು ಕೆಂಪು ವೃತ್ತ. ಅದನ್ನು ನಿಧಾನ ಮಾಡಿ ತೋರಿಸುತ್ತಾರೆ. ಸಾಲದು ಅಂತ ಇನ್ನಷ್ಟು ನಿಧಾನ ಮಾಡುತ್ತಾರೆ. ಹಾಗೆ ತೋರಿಸಿದರೆ ಯಾರು ತಾನೇ ಸೋಮಾರಿಯಾಗಿ ಕಾಣುವುದಿಲ್ಲ ಸ್ವಾಮಿ?

ಸೆಂಟರ್ ಪಂಗಡದವರದ್ದೂ ವಿಡಿಯೋನೇ. 2021ರ ಡಿಸೆಂಬರ್ 7, ಬಫೆಲೋದಲ್ಲಿ. ಗೋಲಿನ ಹಿಂದೆ ನಿಂತ ಜೆಗ್ರಸ್ ಸ್ಟಿಕ್ಕಿನ ತುದಿಯಲ್ಲಿ ಪಕ್ಕನ್ನು ಎತ್ತಿಕೊಂಡ. ಗೋಲ್‌ಪೋಸ್ಟಿನ ನೆತ್ತಿಯ ಮೇಲಿಂದ ಅದನ್ನು ಆ ಕಡೆಗೆ ತೂರಿದ. ಆ ಕಡೆ ಸನ್ನಿ ಮಿಲಾನೋ ಅದನ್ನು ಗಾಳಿಯಲ್ಲೇ ಹೊಡೆದು ಒಳಗೆ ಹಾಕಿದ. ಗೋಲ್ ಕೀಪರ್ ಪಕ್ಕನ್ನು ಕೆಳಗೆ ಹುಡುಕುತ್ತಿದ್ದ. ಎಷ್ಟು ಸಲ ನೋಡಿದರೂ ಖುಷಿಯಾಗುತ್ತದೆ, ನನಗೂ ಆಗುತ್ತದೆ. ಆದರೆ ಇದರಿಂದ ಅವನು ಒಟ್ಟಿಗೆ ಇಳಿಯುವ ಮೂವರ ಗುಂಪುಗಳಲ್ಲಿ ಎರಡನೆಯದರ, ಅಂದರೆ ಎರಡನೇ ಲೈನ್‌ನ ಸೆಂಟರ್ ಆಗಲೇಬೇಕು ಅಂತ ಹೇಗೆ ಸಾಬೀತಾಯಿತು, ಅದು ಮಾತ್ರ ಈ ಮರದ ತಲೆಗೆ ಹೊಳೆಯುತ್ತಿಲ್ಲ.

ಮೂರನೆಯವರು ಗ್ರಾಫಿನವರು. ಇವರು ಮ್ಯಾಚ್ ನೋಡುವುದು ಕಡಿಮೆ, ಗೆರೆ ನೋಡುವುದು ಜಾಸ್ತಿ. ಎರಡು ಸೀಸನ್ ತಲಾ 23 ಗೋಲು. ಆಮೇಲೆ 31 ಮ್ಯಾಚಿಗೆ 6. ಆಮೇಲೆ 57 ಮ್ಯಾಚಿಗೆ 12. ಗೆರೆ ಇಳಿಯಿತು, ಹುಡುಗನೂ ಇಳಿದ, ಮುಗಿಯಿತು. ನಡುವೆ ಪಾದದ ಗಂಟು ಮುರಿದಿತ್ತು, ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ಗ್ರಾಫಿಗೆ ಮೊಣಕಾಲು ಇರುವುದಿಲ್ಲವಲ್ಲ, ಹಾಗಾಗಿ ಅದಕ್ಕೆ ನೋವಾಗುವುದೂ ಇಲ್ಲ. ಈ ಕಾಯಿಲೆಗೆ ಎಲ್ಲ ಪಂಗಡದವರೂ ಒಪ್ಪಿಕೊಂಡ ಮದ್ದು ಒಂದಿದೆ: ಹವಾ ಬದಲಾವಣೆ. ಪೆಸಿಫಿಕ್ ತೀರದಿಂದ ಎತ್ತಿ ಅಟ್ಲಾಂಟಿಕ್ ಕಡೆಗೆ ಹಾಕಿದರೆ ಫೇಸ್‌ಆಫ್ ತಾನಾಗಿಯೇ ಸರಿಹೋಗುತ್ತದಂತೆ.

ಬದಲಿಗೆ ಅನಾಹೈಮ್‌ಗೆ ಹೋದದ್ದು ರಯಾನ್ ಪೇಲಿಂಗ್, 2025ರ ಎರಡನೇ ಸುತ್ತಿನ ಒಂದು ಡ್ರಾಫ್ಟ್ ಪಿಕ್, 2026ರ ನಾಲ್ಕನೇ ಸುತ್ತಿನ ಒಂದು ಪಿಕ್. ಪಿಕ್ ಅಂದರೆ ಪ್ರತಿ ವರ್ಷದ ಡ್ರಾಫ್ಟ್ ದಿನ ಹೊಸ ಹುಡುಗನೊಬ್ಬನನ್ನು ಆರಿಸಿಕೊಳ್ಳುವ ಸರದಿ. ಈ ನಾಲ್ಕನೇ ಸುತ್ತಿನ ಪಿಕ್ ಬಗ್ಗೆ ನನಗೆ ವಿಶೇಷ ಗೌರವ. ಟ್ರೇಡ್ ದಿನ ಆ ಆಟಗಾರ ಯಾರು ಅಂತ ಭೂಮಿ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಎಲ್ಲೋ ಕೂತು ಗಣಿತದ ಹೋಂವರ್ಕ್ ಮಾಡುತ್ತಿದ್ದಿರಬೇಕು. ಆದರೂ ಅವನನ್ನು ಕೊಟ್ಟದ್ದು ದುಬಾರಿಯಾಯಿತು ಅಂತ ಹೊಟ್ಟೆ ಉರಿದುಕೊಳ್ಳುವವರು ಇದ್ದಾರೆ. ಅವನೇ ಎಲ್ಲರಿಗಿಂತ ಒಳ್ಳೆಯ ಆಟಗಾರ ಬಿಡಿ. ಒಂದು ಪಾಸೂ ತಪ್ಪಿಸಿಲ್ಲ, ಒಂದು ಸಲವೂ ನಿಧಾನವಾಗಿ ಜಾರಿಲ್ಲ.

ಪೇಲಿಂಗ್ ವಿಷಯಕ್ಕೆ ಬಂದರೆ, ಅವನ ಬಗ್ಗೆ ಚರ್ಚೆ ಇಲ್ಲವೇ ಇಲ್ಲ. ಟ್ರೇಡ್ ಹೊತ್ತಿಗೆ 26 ವರ್ಷ ಆಗಿತ್ತಲ್ಲ, ಇವರ ಲೆಕ್ಕದಲ್ಲಿ ಮುದುಕ. 2019ರ ಏಪ್ರಿಲ್‌ನಲ್ಲಿ ಮಾಂಟ್ರಿಯಲ್ ಪರ ಈ ಆಟದ ದೊಡ್ಡ ಲೀಗ್ ಎನ್‌ಎಚ್‌ಎಲ್‌ನ ಮೊದಲ ಮ್ಯಾಚಲ್ಲೇ ಮೂರು ಗೋಲು ಹೊಡೆದಿದ್ದ, ಮೇಲಿಂದ ಶೂಟೌಟ್‌ನಲ್ಲಿ ಗೆಲ್ಲಿಸಿದ್ದ. ಆ ರಾತ್ರಿ ಅವನಿಗೂ ಭವಿಷ್ಯ ಇತ್ತು. ಆಮೇಲೆ ಪಿಟ್ಸ್‌ಬರ್ಗ್, ಅಲ್ಲಿಂದ ಫಿಲಡೆಲ್ಫಿಯಾ, ಈಗ ಅನಾಹೈಮ್. ಈಗ ಅವನು ಟ್ರೇಡ್ ಸುದ್ದಿಯ ಎರಡನೇ ಸಾಲು.

ಇಂಥ ಟ್ರೇಡ್ ಆದಾಗೆಲ್ಲ ಕ್ಯಾಮ್ ನೀಲಿಯ ಹೆಸರು ಬರಲೇಬೇಕು. 1986ರ ಜೂನ್ 6, ಅವನ 21ನೇ ಹುಟ್ಟುಹಬ್ಬದ ದಿನವೇ ವ್ಯಾಂಕೂವರ್‌ನವರು ಬಾಸ್ಟನ್‌ಗೆ ಕೊಟ್ಟುಬಿಟ್ಟರು. ಮೇಲೊಂದು ಮೊದಲ ಸುತ್ತಿನ ಪಿಕ್ಕನ್ನೂ ಕೊಟ್ಟರು. ಅವನು ಅಲ್ಲಿ ಮೂರು ಸೀಸನ್ 50 ಗೋಲು ಮುಟ್ಟಿ ಹಾಲ್ ಆಫ್ ಫೇಮ್ ಸೇರಿದ. ಅಂದರೆ ಜೆಗ್ರಸ್ಸೂ ಸೇರುತ್ತಾನೆ! ಅಲೆಕ್ ಸ್ಟೊಯಾನೊವ್ ಹೆಸರನ್ನು ಯಾರೂ ಹಾಗೆ ಎತ್ತುವುದಿಲ್ಲ. 1991ರ ಡ್ರಾಫ್ಟ್‌ನಲ್ಲಿ ಅವನು ಏಳನೆಯವನು, ಮಾರ್ಕಸ್ ನೇಸ್ಲಂಡ್ ಹದಿನಾರನೆಯವನು. 1996ರಲ್ಲಿ ಸ್ಟೊಯಾನೊವ್‌ನನ್ನು ಕೊಟ್ಟು ನೇಸ್ಲಂಡ್‌ನನ್ನು ತಂದ ವ್ಯಾಂಕೂವರ್‌ಗೆ ಲಾಟರಿ ಹೊಡೆಯಿತು. ನೇಸ್ಲಂಡ್ ಅಲ್ಲಿ ಕ್ಯಾಪ್ಟನ್ ಆದ. ಸ್ಟೊಯಾನೊವ್ ಎನ್‌ಎಚ್‌ಎಲ್‌ನಲ್ಲಿ ಒಟ್ಟು ಹೊಡೆದದ್ದು ಎರಡು ಗೋಲು. ಡ್ರಾಫ್ಟ್ ದಿನ ಇಬ್ಬರ ಪೈಕಿ ಭವಿಷ್ಯ ಜಾಸ್ತಿ ಇದ್ದದ್ದು ಯಾರಿಗೆ ಅಂದಿರಿ?

ಅದೇ ಡ್ರಾಫ್ಟ್‌ನ ಮೊದಲನೆಯವನ ಕಥೆ ಫಿಲಡೆಲ್ಫಿಯಾದವರಿಗೆ ನಾನು ಹೇಳಬೇಕಿಲ್ಲ. ಎರಿಕ್ ಲಿಂಡ್ರೋಸ್. ಕ್ಯುಬೆಕ್‌ನವರು ಆರಿಸಿದರು, ಅವನು ನಾನು ಬರಲ್ಲ ಅಂದ. 1992ರಲ್ಲಿ ಕ್ಯುಬೆಕ್‌ನವರು ಅವನನ್ನು ಇತ್ತ ಫಿಲಡೆಲ್ಫಿಯಾಕ್ಕೂ ಅತ್ತ ನ್ಯೂಯಾರ್ಕ್ ರೇಂಜರ್ಸ್‌ಗೂ ಮಾರಿ ಕೂತರು. ಮಧ್ಯಸ್ಥರು ಬಂದು ಅವನು ಯಾರ ಪಾಲು ಅಂತ ತೀರ್ಪು ಕೊಡಬೇಕಾಯಿತು. ಫಿಲಡೆಲ್ಫಿಯಾ ಪೀಟರ್ ಫೋರ್ಸ್‌ಬರ್ಗ್ ಸೇರಿ ಹಲವು ಆಟಗಾರರು, ಡ್ರಾಫ್ಟ್ ಪಿಕ್‌ಗಳು, ಜೊತೆಗೆ 1.5 ಕೋಟಿ ಡಾಲರ್ ಕೊಟ್ಟು ಕರೆದುಕೊಂಡು ಬಂತು. ಅವನು ಮೊದಲ ಸಲ ಕ್ಯುಬೆಕ್‌ನಲ್ಲಿ ಆಡಲು ಹೋದಾಗ ಜನ ಮಕ್ಕಳ ನಿಪ್ಪಲ್ ಎಸೆದರು. ಆಗ ಫಿಲಡೆಲ್ಫಿಯಾದ ವಾದ ಏನಿತ್ತು? ಹುಡುಗನಿಗೆ ತನ್ನ ಇಷ್ಟ ಇರುತ್ತದೆ, ಪಾಪ, ಕ್ಯುಬೆಕ್‌ನವರಿಗೆ ಸಂಸ್ಕಾರ ಇಲ್ಲ. ಎಷ್ಟು ವಿಶಾಲ ಮನಸ್ಸು!

ಅದೇ ಫಿಲಡೆಲ್ಫಿಯಾ 2022ರಲ್ಲಿ ಕಟರ್ ಗೋತಿಯೆಯನ್ನು ಐದನೆಯವನಾಗಿ ಆರಿಸಿತು. ಅವನೂ ಬರಲ್ಲ ಅಂದ. 2024ರ ಜನವರಿಯಲ್ಲಿ ಇದೇ ಅನಾಹೈಮ್‌ಗೆ ಟ್ರೇಡ್ ಆದ. ಮರುವರ್ಷ ಫಿಲಡೆಲ್ಫಿಯಾಕ್ಕೆ ಆಡಲು ಬಂದಾಗ ಪಕ್ ಮುಟ್ಟಿದಾಗೆಲ್ಲ ಇಡೀ ಅರೀನಾ ಬೂ ಅಂತ ಕೂಗಿತು. ಅವನಿಗಿನ್ನೂ 20 ವರ್ಷ. ಹುಡುಗನ ಇಷ್ಟ ಅನ್ನುವುದು ಅಷ್ಟರಲ್ಲಿ ದ್ರೋಹ ಆಗಿತ್ತು.

ಇಲ್ಲಿಗೆ ತಮಾಷೆ ಸಾಕು. ಹದಿನೆಂಟರ ಹುಡುಗನನ್ನು ಯಾವ ತಂಡ ಬೇಕಾದರೂ ಆರಿಸಬಹುದು. ಅವನು ಆ ಊರನ್ನು ಕಣ್ಣಲ್ಲಿ ನೋಡಿಲ್ಲದಿದ್ದರೂ ಸರಿ. ಟ್ರೇಡ್ ಬೇಡ ಅನ್ನುವ ಷರತ್ತು ಒಪ್ಪಂದದಲ್ಲಿ ಜಾರಿಗೆ ಬರಬೇಕಾದರೆ 27 ವರ್ಷ ತುಂಬಬೇಕು, ಇಲ್ಲವೇ ಲೀಗಿನಲ್ಲಿ ಏಳು ಸೀಸನ್ ಆಗಿರಬೇಕು. ಅಲ್ಲಿಯವರೆಗೆ ಫೋನ್ ಬಂದರೆ ಬ್ಯಾಗ್ ಕಟ್ಟಬೇಕು ಅಷ್ಟೇ. ಗಂಟು ಮುರಿದಿದ್ದರೂ, ನಿನ್ನೆ ತಾನೇ ಮನೆ ಮಾಡಿದ್ದರೂ. ಅವನ ಜಾಗ, ಬೆಲೆ, ಲೈನ್, ಗುಣ, ಆಲಸ್ಯ ಎಲ್ಲದರ ಬಗ್ಗೆ ಎಲ್ಲರೂ ಮಾತಾಡಬಹುದು. ಅವನು ಬಾಯಿ ಬಿಟ್ಟರೆ ಮಾತ್ರ ಸೊಕ್ಕು. ಕೋಟಿ ಕೋಟಿ ಎಣಿಸುತ್ತಾನಲ್ಲ, ಇನ್ನೇನು ಬೇಕು ಅನ್ನುತ್ತಾರೆ. ಎಣಿಸಲಿ ಬಿಡಿ, ದುಡಿದದ್ದು. ದುಡ್ಡು ತೆಗೆದುಕೊಂಡ ಮಾತ್ರಕ್ಕೆ ಮನುಷ್ಯ ಸಾಮಾನಾಗುತ್ತಾನಾ? ಹೇಳಿ ಹೇಳಿ ಸಾಕಾಗಿದೆ.

ಇರಲಿ. ಅಭಿಮಾನಿಗಳ ಶ್ರಮ ವ್ಯರ್ಥ ಆಗುವುದಿಲ್ಲ. ಜೆಗ್ರಸ್‌ನ ಒಪ್ಪಂದ, ವರ್ಷಕ್ಕೆ 57.5 ಲಕ್ಷ ಡಾಲರ್‌ನದು, 2026ರ ಬೇಸಿಗೆಯವರೆಗಿನದು. ಸಂಬಳದ ಮಾತುಕತೆ ಕುದುರದೆ ವಿಷಯ ಮಧ್ಯಸ್ಥರ ಮುಂದೆ ಹೋದರೆ ಅಲ್ಲಿಯ ಪದ್ಧತಿ ಚೆನ್ನಾಗಿದೆ. ಆಟಗಾರನಿಗೆ ಇಷ್ಟು ಕೊಡುವುದು ಯಾಕೆ ಜಾಸ್ತಿ ಅಂತ ಅವನದೇ ತಂಡ ವಾದ ಮಾಡುತ್ತದೆ, ಎಷ್ಟೋ ಸಲ ಅವನು ಎದುರಿಗೇ ಕೂತಿರುತ್ತಾನೆ. ಕೆಂಪು ವೃತ್ತದ ವಿಡಿಯೋ ಯಾರೂ ಅಳಿಸಬೇಡಿ. ಕ್ಲಬ್ಬಿನ ವಕೀಲರಿಗೆ ಬೇಕಾಗಬಹುದು.