ಫೋಟೋದಲ್ಲಿರುವುದು ನಾನಲ್ಲ, ಆದರೂ ಸಾರಿ

ಯಾವ ರಾಜಕಾರಣಿಯ ಹಳೇ ಫೋಟೋ ಹೊರಬಿದ್ದರೂ ಸರಿ, ಯಾರಾದರೊಬ್ಬರು ಶುರು ಮಾಡುತ್ತಾರೆ: ‘ಅಮೆರಿಕದ ವರ್ಜೀನಿಯಾ ರಾಜ್ಯದ ಗವರ್ನರ್ ಆಗಿದ್ದ ರಾಲ್ಫ್ ನಾರ್ತಮ್ ಅವರನ್ನು ನೋಡಿ, ಮನುಷ್ಯ ಬದಲಾಗ್ತಾನೆ.’ ನೋಡಿದೆ. ನೋಡಿದಷ್ಟೂ ಭಕ್ತಿ ಜಾಸ್ತಿಯಾಗುತ್ತಿದೆ.

2019ರ ಫೆಬ್ರುವರಿ ನೆನಪಿದೆ ಅಲ್ವಾ? ಮೆಡಿಕಲ್ ಕಾಲೇಜಿನ 1984ರ ಇಯರ್‌ಬುಕ್, ಗವರ್ನರ್ ಸಾಹೇಬರ ಪುಟ. ಒಬ್ಬ ಕಪ್ಪು ವರ್ಣೀಯರನ್ನು ಅಣಕಿಸುವ ಹಾಗೆ ಮುಖಕ್ಕೆ ಮಸಿ ಬಳಿದುಕೊಂಡಿದ್ದಾನೆ, ಪಕ್ಕದವನು ಆ ಜನರನ್ನೇ ಕೊಲ್ಲುತ್ತಿದ್ದ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲಾನ್‌ನ ವೇಷದಲ್ಲಿದ್ದಾನೆ. ಶುಕ್ರವಾರ ಸಾಹೇಬರು, ‘ಅದರಲ್ಲಿ ನಾನಿದ್ದೇನೆ, ತಪ್ಪಾಯಿತು’ ಅಂದರು. ಶನಿವಾರ, ‘ಅದು ನಾನಲ್ಲ’ ಅಂದರು. ಕೊಟ್ಟ ಭರವಸೆ ವಾಪಸ್ ಪಡೆದವರು ಬೇಕಾದಷ್ಟು ಜನ. ಕೇಳಿದ ಕ್ಷಮೆಯನ್ನೇ ವಾಪಸ್ ಪಡೆದ ಮಹಾನುಭಾವರು ಇವರೊಬ್ಬರೇ ಇರಬೇಕು.

ಅಷ್ಟಕ್ಕೇ ಬಿಡಲಿಲ್ಲ. ಯಾರೂ ಕೇಳದಿದ್ದರೂ ಇನ್ನೊಂದು ಒಪ್ಪಿಕೊಂಡರು. ಅದೇ 1984ರಲ್ಲಿ ಡಾನ್ಸ್ ಸ್ಪರ್ಧೆಯಲ್ಲಿ ಮೈಕೆಲ್ ಜಾಕ್ಸನ್ ಆಗಿದ್ದರಂತೆ. ಕೆನ್ನೆಗೆ ಶೂ ಪಾಲಿಶ್, ಅದೂ ಸ್ವಲ್ಪವೇ, ಯಾಕೆಂದರೆ ಅದು ಬೇಗ ಹೋಗುವುದಿಲ್ಲ. ಈಗಲೂ ಮೂನ್‌ವಾಕ್ ಬರುತ್ತಾ ಅಂತ ಪತ್ರಕರ್ತರೊಬ್ಬರು ಕೇಳಿದರೆ, ಸಾಹೇಬರು ಜಾಗ ಹುಡುಕುವವರ ಹಾಗೆ ಆಚೀಚೆ ನೋಡಿದರು! ಇದು ಸಮಯವಲ್ಲ ಎಂದು ಹೆಂಡತಿ ಪಕ್ಕದಿಂದ ಪಿಸುಗುಟ್ಟಿದರು. ಆ ತಾಯಿ ಇಲ್ಲದಿದ್ದರೆ ಪಶ್ಚಾತ್ತಾಪಕ್ಕೆ ಕುಣಿತವೂ ಸೇರಿರುತ್ತಿತ್ತು.

ರಾಜೀನಾಮೆ ಕೇಳದವರೇ ಇರಲಿಲ್ಲ. ಆದರೆ ಕೊಟ್ಟರೆ ಕುರ್ಚಿ ಯಾರಿಗೆ? ಸರದಿಯಲ್ಲಿ ಮೊದಲಿಗರಾದ ಲೆಫ್ಟಿನೆಂಟ್ ಗವರ್ನರ್ ಜಸ್ಟಿನ್ ಫೇರ್‌ಫ್ಯಾಕ್ಸ್ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಬಂತು, ಅವರು ಅಲ್ಲಗಳೆದರು. ಅವರ ನಂತರದ ಸರದಿ ಅಟಾರ್ನಿ ಜನರಲ್ ಮಾರ್ಕ್ ಹೆರಿಂಗ್‌ದು. ನಾರ್ತಮ್ ಇಳಿಯಲಿ ಎಂದಿದ್ದ ಹೆರಿಂಗ್, ಕೆಲವೇ ದಿನಗಳಲ್ಲಿ, ‘1980ರಲ್ಲಿ ನಾನೂ ಮಸಿ ಬಳಿದುಕೊಂಡಿದ್ದೆ’ ಅಂದರು. ಇನ್ನುಳಿದವರು ರಾಜ್ಯದ ಕೆಳಮನೆಯ ಸ್ಪೀಕರ್, ಎದುರು ಪಕ್ಷದವರು. ಆ ಪಕ್ಷಕ್ಕೆ ಬಹುಮತ ಬಂದದ್ದಾದರೂ ಹೇಗೆ? ಒಂದು ಕ್ಷೇತ್ರದಲ್ಲಿ ಮತ ಸಮವಾಗಿ, ಬಟ್ಟಲಿನಿಂದ ಚೀಟಿ ಎತ್ತಿ 2018ರ ಜನವರಿಯಲ್ಲಿ ಗೆದ್ದವರನ್ನು ಆರಿಸಿದ್ದರು. ಸ್ಥಾನಗಳು 51–49. ಹೀಗಾಗಿ ಸಾಹೇಬರಿಗೆ ಕ್ಷಮೆ ಸಿಕ್ಕಿದ್ದು ಮನಃಪರಿವರ್ತನೆಯಿಂದಲ್ಲ, ಸರದಿ ಸಾಲು ಕೆಟ್ಟಿದ್ದರಿಂದ. ಸಮೀಕ್ಷೆಗಳಲ್ಲಿ ಕಪ್ಪು ವರ್ಣೀಯರಲ್ಲೇ ಜಾಸ್ತಿ ಜನ ‘ಇರಲಿ ಬಿಡಿ’ ಎಂದಿದ್ದರು. ಅದನ್ನೇ ದೊಡ್ಡ ಮನಸ್ಸು ಎಂದು ಬರೆದವರುಂಟು. ಇರೋದರಲ್ಲಿ ಕಡಿಮೆ ಕೆಟ್ಟದ್ದನ್ನು ಆರಿಸಿಕೊಳ್ಳುವುದು ಆ ಜನಕ್ಕೆ ಹೊಸದೇನಲ್ಲ.

ಆಮೇಲೆ ಕೆಲಸ ಮಾಡಿದರು, ನಿಜ. 2021ರಲ್ಲಿ ಗಲ್ಲು ಶಿಕ್ಷೆ ರದ್ದಾಯಿತು, ರಿಚ್ಮಂಡ್‌ನಲ್ಲಿ ಗುಲಾಮಗಿರಿ ಉಳಿಸಲು ಹೊರಟ ದಕ್ಷಿಣ ರಾಜ್ಯಗಳ ಸೇನಾಪತಿ ಜನರಲ್ ಲೀ ಪ್ರತಿಮೆ ಇಳಿಯಿತು. ಅಲ್ಲಿ ಗವರ್ನರ್ ಬೆನ್ನುಬೆನ್ನಿಗೆ ಎರಡು ಸಲ ಆಗುವಂತಿಲ್ಲ, ಹಾಗಾಗಿ ಕ್ಷಮೆ ಸಿಕ್ಕಿತೋ ಇಲ್ಲವೋ ಅಂತ ಮತಪೆಟ್ಟಿಗೆಯಲ್ಲಿ ನೋಡುವ ಪ್ರಸಂಗವೇ ಬರಲಿಲ್ಲ. ಅದೃಷ್ಟವಂತರು.

ಅದೇ ವರ್ಷ ಆಗಸ್ಟ್‌ನಲ್ಲಿ ಅವರು ‘ಮಾರ್ಟಿನ್ಸ್‌ವಿಲ್ ಸೆವೆನ್’ಗೆ ಕ್ಷಮಾದಾನ ಕೊಟ್ಟರು. ಏಳು ಜನ ಕಪ್ಪು ವರ್ಣೀಯರು, ಅತ್ಯಾಚಾರದ ಆರೋಪ, ಬರೀ ಬಿಳಿಯರ ಜ್ಯೂರಿ. 1951ರಲ್ಲಿ ಏಳೂ ಜನರನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸಿ ಕೊಂದರು. 1908ರಿಂದ ಆ ವರ್ಷದವರೆಗೆ ಈ ಅಪರಾಧಕ್ಕೆ ವರ್ಜೀನಿಯಾ ಕೊಂದ 45 ಜನರೂ ಕಪ್ಪು ವರ್ಣೀಯರೇ. ನ್ಯಾಯವಾಗಿ ವಿಚಾರಣೆ ನಡೆಯಲಿಲ್ಲ ಎಂದು ಸರ್ಕಾರ ಕಾಗದದ ಮೇಲೆ ಒಪ್ಪಲು 70 ವರ್ಷ ಬೇಕಾಯಿತು. ಅದನ್ನು ಓದಲು ಅವರಲ್ಲಿ ಒಬ್ಬರೂ ಇರಲಿಲ್ಲ. ಇತ್ತ ಶೂ ಪಾಲಿಶ್ ಹಚ್ಚಿಕೊಂಡ ಸಾಹೇಬರಿಗೆ ಎರಡೇ ವರ್ಷದಲ್ಲಿ ‘ಬದಲಾದ ಮನುಷ್ಯ’ ಎಂಬ ಬಿರುದು. ಸುಮ್ನೆ ಕೇಳುತ್ತೇನೆ, ಇಷ್ಟು ಅವಸರ ಯಾರಿಗಿತ್ತು?