ಮತ್ತರಿನ ಮಧ್ಯೆ ಬಂದ ಜಾಹೀರಾತು

ಹೋದ ತಿಂಗಳು ನಮ್ಮ ಇಮೇಲ್ ಗುಂಪಿನಲ್ಲಿ ಒಬ್ಬ ಹುಡುಗ ಒಂದು ಪ್ರಶ್ನೆ ಕೇಳಿದ. ಪಿಎಚ್‌ಡಿ ಮಾಡುತ್ತಿದ್ದಾನೆ. ಶಿಕಾರಿಪುರ ತಾಲೂಕಿನ ಒಂದು ಶಾಸನದಲ್ಲಿ ದೇವಸ್ಥಾನಕ್ಕೆ ಐದು ಮತ್ತರು ಗದ್ದೆ ಬಿಟ್ಟ ಮಾತಿದೆ, ಈಗಿನ ಲೆಕ್ಕದಲ್ಲಿ ಅದು ಎಷ್ಟು ಎಕರೆ ಅಂತ.

ಕೇಳಲು ಸುಲಭ, ಹೇಳಲು ಕಷ್ಟ. ಮತ್ತರು ಎಲ್ಲ ಕಡೆಯೂ ಒಂದೇ ಅಳತೆ ಅಲ್ಲ. ಯಾವ ಕೋಲು ಹಿಡಿದು ಅಳೆದರು ಅನ್ನುವುದರ ಮೇಲೆ ಬದಲಾಗುತ್ತದೆ. ಕೆಲವು ಶಾಸನಗಳಲ್ಲಿ ಆ ಕೋಲಿನ ಹೆಸರನ್ನೂ ಕೆತ್ತಿಸಿರುತ್ತಾರೆ. ಧಾರವಾಡದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಗುಂಪಿನಲ್ಲಿದ್ದಾರೆ. ಈ ವಿಷಯದಲ್ಲಿ ಅವರದು ಎತ್ತಿದ ಕೈ. 'ಎರಡು ದಿನ ತಡಿ ತಮ್ಮಾ, ಪುಸ್ತಕ ನೋಡಿ ಬರೀತೀನಿ' ಅಂತ ಒಂದು ಸಾಲು ಹಾಕಿದರು.

ಆ ಎರಡು ದಿನದಲ್ಲಿ ಏನಾಯಿತು ಕೇಳಿ. ಹುಡುಗನ ಪ್ರಶ್ನೆಗೇ ಉತ್ತರ ಬರೆಯುವ ಹಾಗೆ 'ರಿಪ್ಲೈ' ಒತ್ತಿ ಯಾರೋ ಒಂದು ಜಾಹೀರಾತು ಅಂಟಿಸಿದರು. 'ಆತ್ಮೀಯ ಸಂಶೋಧಕರೇ, ಯುಜಿಸಿ ಕೇರ್ ಪಟ್ಟಿಯ ಅಂತಾರಾಷ್ಟ್ರೀಯ ಪತ್ರಿಕೆಗೆ ಲೇಖನ ಆಹ್ವಾನ. ಎಲ್ಲ ವಿಷಯ, ಎಲ್ಲ ಭಾಷೆ. ಇಂಪ್ಯಾಕ್ಟ್ ಫ್ಯಾಕ್ಟರ್ 7.9. 48 ಗಂಟೆಯಲ್ಲಿ ಪ್ರಕಟಣೆ. ಇ-ಸರ್ಟಿಫಿಕೇಟ್ ಉಚಿತ.' ಕೆಳಗೆ ಒಂದು ಗೂಗಲ್ ಪೇ ನಂಬರು. ಸಂಪಾದಕರು ಯಾರು, ಎಲ್ಲಿಂದ ಬರುತ್ತದೆ, ಒಂದೂ ಇಲ್ಲ. (ಯುಜಿಸಿ ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಕೇರ್ ಅಂದರೆ ಅದು ಒಪ್ಪಿದ ಪತ್ರಿಕೆಗಳ ಪಟ್ಟಿ. ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಒಂದು ಪತ್ರಿಕೆಯ ಲೇಖನಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಅನ್ನುವ ಅಂಕಿ.) ಅದರ ಬೆನ್ನಿಗೆ ಇನ್ನಿಬ್ಬರು ತಮ್ಮ ತಮ್ಮದನ್ನು ತಂದು ಹಾಕಿದರು. ಆಮೇಲೆ ಒಬ್ಬರಿಗೆ ಬಡ್ತಿ ಸಿಕ್ಕಿದ ಸುದ್ದಿ. ಅದಕ್ಕೆ 'ಅಭಿನಂದನೆಗಳು ಸರ್' ಅಂತ ಎಲ್ಲರಿಗೂ ಹೋಗುವ ಹಾಗೆ 64 ಮೇಲ್. (ಜಾಹೀರಾತಿಗಿಂತ ಇದೇ ಜಾಸ್ತಿ ಕಾಟ. ಅದನ್ನು ಇನ್ನೊಂದು ದಿನ ಬರೆಯುತ್ತೇನೆ.)

ಮೇಷ್ಟ್ರು ಮಾತು ಕೊಟ್ಟಂತೆ ಎರಡು ಪುಟ ಬರೆದು ಕಳಿಸಿದರು. ವಾರ ಕಳೆದ ಮೇಲೆ ಹುಡುಗ ನನಗೆ ಫೋನ್ ಮಾಡಿ, 'ಮೇಡಂ, ಮತ್ತರಿನ ಬಗ್ಗೆ ಯಾರೂ ಉತ್ತರ ಕೊಡಲೇ ಇಲ್ಲ' ಅಂದ. ಆ ಗಲಾಟೆಗೆ ಬೇಸತ್ತು ಅವನು ಗುಂಪಿನ ಮೇಲ್‌ಗಳನ್ನು ನೋಡುವುದನ್ನೇ ಬಿಟ್ಟಿದ್ದ.

ಒಂಬತ್ತು ವರ್ಷದಿಂದ ಈ ಗುಂಪು ನೋಡಿಕೊಳ್ಳುತ್ತಿದ್ದೇನೆ. ಸುಮಾರು 600 ಜನ ಇದ್ದಾರೆ, ಹೆಚ್ಚಿನವರು ಕಾಲೇಜು ಮೇಷ್ಟ್ರುಗಳು, ಸಂಶೋಧಕರು. ಹುಡುಗನ ಫೋನ್ ಬಂದ ದಿನ ಸಿಟ್ಟಿನಲ್ಲಿ 'ಇನ್ನು ಮೇಲೆ ಇಲ್ಲಿ ಜಾಹೀರಾತು ಪೂರ್ತಿ ಬಂದ್' ಅಂತ ಬರೆದೂ ಬಿಟ್ಟೆ. ಕಳಿಸುವ ಮುಂಚೆ ಕೈ ತಡೆಯಿತು. ಯಾಕೆ ತಡೆಯಿತು ಅಂದರೆ, ಇದೇ ಗುಂಪಿನಲ್ಲಿ ಎಲ್ಲರಿಗಿಂತ ಕೆಟ್ಟ ಜಾಹೀರಾತು ಹಾಕಿದವಳು ನಾನೇ.

ಆಗಿನ್ನೂ ಗುಂಪಿನ ಉಸ್ತುವಾರಿ ನನ್ನದಾಗಿರಲಿಲ್ಲ. ನನ್ನ ಮೊದಲ ಪುಸ್ತಕ ಬಂದಿತ್ತು, ಶಾಸನಗಳಲ್ಲಿ ಬರುವ ಹೆಂಗಸರ ಬಗ್ಗೆ. ಸ್ವಂತ ದುಡ್ಡಿನಲ್ಲಿ 500 ಪ್ರತಿ ಹಾಕಿಸಿದ್ದೆ. ಅದರಲ್ಲಿ 380 ಮಂಚದ ಕೆಳಗೆ ಕೂತಿದ್ದವು. ಮನೆಯವರು ಕಸ ಗುಡಿಸುವಾಗೆಲ್ಲ ಪೊರಕೆಯಿಂದ ಆ ಕಟ್ಟಿಗೆ ಒಂದು ಸಲ ತಿವಿದು ನನ್ನ ಮುಖ ನೋಡುತ್ತಿದ್ದರು. 'ನನ್ನ ಪುಸ್ತಕ ತಗೊಳ್ಳಿ' ಅಂತ ಕೇಳಲು ನಾಚಿಕೆ. ಅದಕ್ಕೆ ಒಂದು ಉಪಾಯ ಮಾಡಿದೆ. ಗೆಳತಿಯೊಬ್ಬಳ ಕೈಯಲ್ಲಿ ಗುಂಪಿನಲ್ಲಿ ಕೇಳಿಸಿದೆ: ಈ ವಿಷಯದ ಮೇಲೆ ಕನ್ನಡದಲ್ಲಿ ಒಳ್ಳೆಯ ಪುಸ್ತಕ ಯಾವುದಾದರೂ ಇದೆಯೇ? ಅರ್ಧ ಗಂಟೆ ಬಿಟ್ಟು ನಾನೇ ಉತ್ತರ ಬರೆದೆ. 'ಇತ್ತೀಚೆಗೆ ಒಂದು ಪುಸ್ತಕ ಬಂದಿದೆಯಂತೆ. ಚೆನ್ನಾಗಿದೆಯಂತೆ. ಪ್ರತಿಗಳಿಗೆ ಈ ನಂಬರಿಗೆ ಫೋನ್ ಮಾಡಬೇಕಂತೆ.'

ಮೂರು ಅಂತೆ! ನಾನೇ ಬರೆದು, ನಾನೇ ಅಚ್ಚು ಹಾಕಿಸಿ, ದಿನಾ ಅದರ ಮೇಲೆಯೇ ಮಲಗುತ್ತಿದ್ದ ಪುಸ್ತಕಕ್ಕೆ.

ಮಾರನೇ ದಿನ ಆ ನಂಬರಿಗೆ ಫೋನ್ ಬಂತು. ಮನೆಯವರು ಎತ್ತಿ, 'ಇರಿ ಸರ್, ಬರೆದವಳು ಇಲ್ಲೇ ರೊಟ್ಟಿ ತಟ್ಟುತ್ತಿದ್ದಾಳೆ, ಕೊಡ್ತೀನಿ' ಅಂದುಬಿಟ್ಟರು. ಆ ಕಡೆ ಇದ್ದವರು ಇದೇ ಧಾರವಾಡದ ಮೇಷ್ಟ್ರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಅಲ್ಲವಾ ತಂಗಿ, ನಂದ ಪುಸ್ತಕ ಐತಿ, ತೊಗೋರಿ ಅಂತ ಹೇಳಿದ್ರ ಯಾರ ಬ್ಯಾಡ ಅಂತಿದ್ರು?' ಅಂದರು. ಎರಡು ಪ್ರತಿ ತರಿಸಿಕೊಂಡರು. ಗುಂಪಿನಲ್ಲಿ ಯಾರಿಗೂ ಹೇಳಲಿಲ್ಲ. ಇವತ್ತು ನಾನೇ ಹೇಳುತ್ತಿದ್ದೇನೆ.

ಅವತ್ತೇ ಅವರು ಗಳಗನಾಥರ ಮಾತು ತೆಗೆದರು. ಕನ್ನಡಕ್ಕೆ ಕಾದಂಬರಿ ಓದುವ ಚಟ ಹಿಡಿಸಿದ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಅದೂ ಜಾಹೀರಾತೇ ಅಲ್ವಾ? ಆದರೆ ಗಂಟು ಹೊತ್ತವರು ಯಾರು ಅಂತ ಬಾಗಿಲು ತೆಗೆದವರಿಗೆ ಕಾಣುತ್ತಿತ್ತು. ಬೇಡ ಅಂದರೆ ಮುಂದಿನ ಮನೆಗೆ ಹೋಗುತ್ತಿದ್ದರು. ಒಳಗೆ ಯಾರೋ ಇಬ್ಬರು ಬೇರೆ ವಿಷಯ ಮಾತಾಡುತ್ತಿರುವಾಗ ನಡುವೆ ಬಂದು ಗಂಟು ಇಳಿಸುವ ಪೈಕಿ ಅಲ್ಲ.

ವಿದ್ವಾಂಸರ ನಡುವೆ ಜಾಹೀರಾತು ಬಂದು ಜಗಳ ಆಗಿದ್ದು ಹೊಸದೇನಲ್ಲ. ಇಮೇಲ್ ಚರಿತ್ರೆಯ ಮೊದಲ ಸ್ಪ್ಯಾಮ್, ಅಂದರೆ ಕೇಳದೆ ಬಂದ ಜಾಹೀರಾತು, ಅಂತ ಎಲ್ಲರೂ ತೋರಿಸುವುದು 1978ರ ಮೇ ತಿಂಗಳಿನದು. ಆಗ ಇಂಟರ್ನೆಟ್ ಅನ್ನುವುದೇ ಇರಲಿಲ್ಲ. ಅಮೆರಿಕದ ರಕ್ಷಣಾ ಇಲಾಖೆಯ ದುಡ್ಡಿನಲ್ಲಿ ನಡೆಯುತ್ತಿದ್ದ ಅರ್ಪಾನೆಟ್ ಅನ್ನುವ ಕಂಪ್ಯೂಟರ್ ಜಾಲ ಇತ್ತು. ಅದರಲ್ಲಿ ಇದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯ, ಸಂಶೋಧನಾ ಕೇಂದ್ರಗಳ ಜನ. ಡಿಜಿಟಲ್ ಇಕ್ವಿಪ್‌ಮೆಂಟ್ ಅನ್ನುವ ಕಂಪ್ಯೂಟರ್ ಕಂಪನಿಯಲ್ಲಿ ಮಾರಾಟದ ಕೆಲಸದಲ್ಲಿದ್ದ ಗ್ಯಾರಿ ಥರ್ಕ್ ಎಂಬಾತ, ಅಚ್ಚಾದ ವಿಳಾಸ ಪುಸ್ತಕ ಹಿಡಿದು, ಪಶ್ಚಿಮ ಕರಾವಳಿಯ ಸುಮಾರು 400 ಜನರಿಗೆ ಒಂದೇ ಸಲ ಪತ್ರ ಕಳಿಸಿದ. ಹೊಸ ಕಂಪ್ಯೂಟರ್ ಬಂದಿದೆ, ಕ್ಯಾಲಿಫೋರ್ನಿಯಾದಲ್ಲಿ ಎರಡು ಕಡೆ ತೋರಿಸುತ್ತೇವೆ, ಬನ್ನಿ ಅಂತ. ವಿಳಾಸಗಳು ಎಷ್ಟಿದ್ದವು ಅಂದರೆ ಅವಕ್ಕಿದ್ದ ಜಾಗ ಸಾಲದೆ ಪತ್ರದ ಒಳಗೂ ಬಂದು ಕೂತವು.

ರಕ್ಷಣಾ ಇಲಾಖೆಯವರು ಕೆಂಡವಾದರು. ಇದು ಸರ್ಕಾರಿ ಕೆಲಸಕ್ಕೆ ಇರುವ ಜಾಲ, ನಿಯಮ ಉಲ್ಲಂಘನೆ ಅಂದರು. ಕೆಲವು ಸಂಶೋಧಕರು ಮಾತ್ರ, ಆ ಯಂತ್ರ ನಮಗೆ ಉಪಯೋಗಕ್ಕೆ ಬರುವಂಥದ್ದೇ ಅಲ್ವಾ, ತಿಳಿಸಿದರೆ ತಪ್ಪೇನು ಅಂತ ಕೇಳಿದರು. ಮುಂದೆ ಸ್ವತಂತ್ರ ತಂತ್ರಾಂಶ ಚಳವಳಿ ಕಟ್ಟಿದ ರಿಚರ್ಡ್ ಸ್ಟಾಲ್‌ಮನ್ ಕೂಡ ಮೊದಲು ಹೀಗೇ ವಾದಿಸಿದ್ದ. ತಮಾಷೆ ಏನೆಂದರೆ ಆಗ ಅವನು ಆ ಪತ್ರವನ್ನೇ ನೋಡಿರಲಿಲ್ಲ. ನೋಡಿದ ಮೇಲೆ ಮಾತು ವಾಪಸ್ ತೆಗೆದುಕೊಂಡ. ವಿಷಯ ಏನಾದರೂ ಇರಲಿ, ಅಷ್ಟುದ್ದದ ವಿಳಾಸದ ಪಟ್ಟಿ ಹೊತ್ತ ಪತ್ರವನ್ನು ಯಾರೂ ಕಳಿಸಬಾರದು ಅಂದ. ಅವನಿಗೆ ಚುಚ್ಚಿದ್ದು ಮಾರಾಟ ಅಲ್ಲ, ತಂದು ಸುರಿದ ರೀತಿ.

ಆ ಮೇಲೆ ಅಮೆರಿಕದ ವಿಶ್ವವಿದ್ಯಾಲಯಗಳನ್ನು ಎನ್‌ಎಸ್‌ಎಫ್‌ನೆಟ್ ಅನ್ನುವ ಜಾಲ ಜೋಡಿಸುತ್ತಿತ್ತು. 1995ರವರೆಗೆ ಇತ್ತು. ಅದರ ಬಳಕೆಯ ನಿಯಮದಲ್ಲಿ ನನಗೆ ತುಂಬ ಹಿಡಿಸಿದ ಒಂದು ಸಾಲಿದೆ. ಸಂಶೋಧನೆಗೆ ಅಥವಾ ಪಾಠಕ್ಕೆ ಉಪಯೋಗವಾಗುವ ಹೊಸ ವಸ್ತು, ಸೇವೆಗಳ ಪ್ರಕಟಣೆ ಹಾಕಬಹುದು, ಆದರೆ ಯಾವ ಥರದ ಜಾಹೀರಾತೂ ಕೂಡದು ಅಂತ. ಎರಡರ ನಡುವಿನ ಗೆರೆ ಎಲ್ಲಿದೆ ಅಂತ ಹೇಳುವ ಗೋಜಿಗೆ ಹೋಗಿಲ್ಲ. ನನ್ನ ಮಟ್ಟಿಗೆ ಗೆರೆ ಇಷ್ಟೇ: ಪ್ರಕಟಣೆ ಓದಿದವರಿಗೆ ಕೊಳ್ಳದಿದ್ದರೂ ಏನೋ ಒಂದು ಗೊತ್ತಾಗುತ್ತದೆ. ಜಾಹೀರಾತು ಓದಿದರೆ ದುಡ್ಡು ಎಲ್ಲಿ ಕಟ್ಟಬೇಕು ಅನ್ನುವುದೊಂದೇ ಗೊತ್ತಾಗುತ್ತದೆ.

ಈಗ ಆ 48 ಗಂಟೆಯವರ ವಿಷಯಕ್ಕೆ ಬರೋಣ. ಅವರು ನಮ್ಮ ಗುಂಪಿಗೇ ಯಾಕೆ ಬರುತ್ತಾರೆ? ನಮಗೆ ಬೇಕು, ಅದಕ್ಕೆ. ಬಡ್ತಿಗೆ ಲೇಖನ ಬೇಕು, ಸಂದರ್ಶನಕ್ಕೆ ಲೇಖನ ಬೇಕು. ಅತಿಥಿ ಉಪನ್ಯಾಸಕರಾಗಿ ವರ್ಷ ವರ್ಷ ದೂಡುವ ಹುಡುಗರಿಗೆ ಒಂದು ಸರ್ಟಿಫಿಕೇಟ್ ಅಂದರೆ ಒಂದು ಆಸೆ. ಅಂಥವರನ್ನು ಬೈಯುವ ಮನಸ್ಸು ನನಗಿಲ್ಲ. ಆದರೆ ದುಡ್ಡು ಕಟ್ಟುವ ಮುಂಚೆ ಕೆಲವು ವಿಷಯ ಗೊತ್ತಿರಲಿ. 'ಯುಜಿಸಿ ಕೇರ್ ಪಟ್ಟಿಯಲ್ಲಿದೆ' ಅಂತ ಈಗಲೂ ಬರೆದುಕೊಳ್ಳುತ್ತಾರಲ್ಲ, 2019ರಲ್ಲಿ ಬಂದ ಆ ಪಟ್ಟಿಯನ್ನು ಕೈಬಿಟ್ಟಿದ್ದೇವೆ ಅಂತ 2025ರ ಫೆಬ್ರುವರಿಯಲ್ಲಿ ಯುಜಿಸಿಯೇ ತಿಳಿಸಿತು. ಪಟ್ಟಿ ಇದ್ದ ಕಾಲದಲ್ಲೂ ಒಳ್ಳೆಯ ಪತ್ರಿಕೆಯ ಹೆಸರಿನಲ್ಲೇ ನಕಲಿ ವೆಬ್‌ಸೈಟ್ ಮಾಡಿ ದುಡ್ಡು ಎತ್ತುವವರಿದ್ದರು. ಪಿಎಚ್‌ಡಿ ಪ್ರಬಂಧ ಒಪ್ಪಿಸುವ ಮುಂಚೆ ಲೇಖನ ಪ್ರಕಟವಾಗಲೇಬೇಕು ಅನ್ನುವ ಷರತ್ತನ್ನು ಯುಜಿಸಿ 2022ರ ನಿಯಮದಲ್ಲೇ ತೆಗೆದಿದೆ. ನಿಮ್ಮ ವಿಶ್ವವಿದ್ಯಾಲಯ ಏನು ಇಟ್ಟುಕೊಂಡಿದೆ ಅಂತ ಕೇಳಿಕೊಳ್ಳಿ, ಅಷ್ಟೇ.

'ಐಎಸ್‌ಬಿಎನ್ ಇರುವ ಪುಸ್ತಕದಲ್ಲಿ ಒಂದು ಅಧ್ಯಾಯ' ಅನ್ನುವುದು ಇನ್ನೊಂದು. ಐಎಸ್‌ಬಿಎನ್ ಅಂದರೆ ಗುಣಮಟ್ಟದ ಮುದ್ರೆ ಅಲ್ಲ, ಪುಸ್ತಕ ಗುರುತಿಸುವ ನಂಬರು. ನಮ್ಮ ದೇಶದಲ್ಲಿ ಅದನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಪುಕ್ಕಟೆ ಕೊಡುತ್ತದೆ. ಪುಕ್ಕಟೆ ಸಿಗುವ ನಂಬರನ್ನು ತೋರಿಸಿ ಒಬ್ಬೊಬ್ಬರ ಹತ್ತಿರ ಸಾವಿರಗಟ್ಟಲೆ ವಸೂಲಿ ಮಾಡುತ್ತಾರೆ.

ಇಂಥವರ ಪತ್ರ ಬಂದಾಗ ನನಗೆ ಆಸ್ಟ್ರೇಲಿಯಾದ ಕಂಪ್ಯೂಟರ್ ಮೇಷ್ಟ್ರು ಪೀಟರ್ ವ್ಯಾಂಪ್ಲೂ ನೆನಪಾಗುತ್ತಾರೆ. ಲೇಖನ ಕಳಿಸಿ ಅಂತ ಒಂದು ಪತ್ರಿಕೆಯಿಂದ ಬರುತ್ತಿದ್ದ ಮೇಲ್‌ಗಳಿಂದ ರೋಸಿಹೋಗಿ 2014ರಲ್ಲಿ ಅವರು ಒಂದು 'ಲೇಖನ' ಕಳಿಸಿದರು. ಅದನ್ನು 2005ರಲ್ಲೇ ಇಬ್ಬರು ಅಮೆರಿಕನ್ ಸಂಶೋಧಕರು ಇಂಥದ್ದಕ್ಕೇ ಬರೆದಿಟ್ಟಿದ್ದರು. ಹತ್ತು ಪುಟ. ಮೊದಲಿಂದ ಕೊನೆವರೆಗೆ ಒಂದೇ ವಾಕ್ಯ, 'ನಿಮ್ಮ ಮೇಲಿಂಗ್ ಲಿಸ್ಟಿನಿಂದ ನನ್ನನ್ನು ತೆಗೀರಿ' ಅಂತ. ನಡುವೆ ಒಂದು ಬೈಗುಳ ಬೇರೆ. ನಕ್ಷೆಯಲ್ಲೂ ಅದೇ ವಾಕ್ಯ. ಪತ್ರಿಕೆಯವರು ಅದನ್ನು 'ಅತ್ಯುತ್ತಮ' ಅಂತ ಒಪ್ಪಿಕೊಂಡು 150 ಡಾಲರ್ ಕೇಳಿದರು. ಲಿಸ್ಟಿನಿಂದ ಮಾತ್ರ ತೆಗೆಯಲಿಲ್ಲ ಅಂತ ಕಾಣುತ್ತದೆ.

ಸರಿ, ನಮ್ಮ ಗುಂಪಿನಲ್ಲಿ ಈಗ ಏನು ಮಾಡಿದ್ದೇವೆ ಅಂದರೆ, ಶನಿವಾರ ಸಂತೆ. ಮಾರುವುದೆಲ್ಲ ಶನಿವಾರ. ಮೇಲ್‌ನ ತಲೆಬರಹ 'ಮಾರಾಟ' ಅನ್ನುವ ಪದದಿಂದಲೇ ಶುರುವಾಗಬೇಕು. ಬೇಡದವರು ತೆರೆಯದೆ ಅಳಿಸಬಹುದು. ಮಾರುವವರು ಯಾರು, ಅವರಿಗೂ ವಸ್ತುವಿಗೂ ಏನು ಸಂಬಂಧ, ಬೆಲೆ ಎಷ್ಟು, ಇಷ್ಟನ್ನು ಮುಚ್ಚಿಡುವ ಹಾಗಿಲ್ಲ. ನನ್ನ ಪುಸ್ತಕ ಆದರೆ ನನ್ನ ಪುಸ್ತಕ, ನಮ್ಮ ಭಾವನ ಪ್ರಕಾಶನ ಆದರೆ ನಮ್ಮ ಭಾವನ ಪ್ರಕಾಶನ. ಚೌಕಾಸಿಯೆಲ್ಲ ಅವರವರ ನಡುವೆ, ಗುಂಪಿನಲ್ಲಿ ಬೇಡ. ಒಂದು ವಸ್ತುವಿಗೆ ಒಂದೇ ಸಲ. 'ಮತ್ತೊಮ್ಮೆ ನೆನಪಿಸುತ್ತಿದ್ದೇನೆ' ಅಂತ ಬಂದರೆ ನಾನು ಬಿಡುವುದಿಲ್ಲ. ಕೆಲಸ ಖಾಲಿ ಇರುವುದು, ವಿದ್ಯಾರ್ಥಿವೇತನ, ದುಡ್ಡು ಕೇಳದ ಉಪನ್ಯಾಸ, ಇವಕ್ಕೆ ವಾರದ ಕಟ್ಟುಪಾಡಿಲ್ಲ. ಎಷ್ಟೇ ಒಳ್ಳೆಯ ವಸ್ತುವಾಗಲಿ, ಇನ್ನೊಬ್ಬರ ಪ್ರಶ್ನೆಯ ಕೆಳಗೆ ತಂದು ಅಂಟಿಸಿದರೆ ಮೂರು ತಿಂಗಳು ಹೊರಗೆ.

ಹಿರಿಯರೊಬ್ಬರು ಬೇಜಾರು ಮಾಡಿಕೊಂಡರು. 'ಏನಮ್ಮಾ, ಮೂವತ್ತು ವರ್ಷ ಪಾಠ ಮಾಡಿದ ನನ್ನ ಪುಸ್ತಕಕ್ಕೂ ಸಂತೆಯೇ?' ಅಂತ ಕೇಳಿದರು. ಹೌದು ಸರ್, ನನ್ನದಕ್ಕೂ ಅಷ್ಟೇ ಅಂದೆ. ಮಂಚದ ಕೆಳಗೆ ಇನ್ನೂ 40 ಪ್ರತಿ ಇವೆ.

ಮೊನ್ನೆ ಮೊದಲ ಸಂತೆ ಆಯಿತು. ಹನ್ನೊಂದು ಮೇಲ್ ಬಂದವು. ಒಂದನ್ನು ಇಲ್ಲಿ ಹಾಕಲೇಬೇಕು, ನಮ್ಮ ಕಡೆಯ ಶಾಸನಗಳನ್ನು ಒಟ್ಟುಮಾಡಿ ಅಚ್ಚು ಹಾಕಿದ ಸಂಪುಟಗಳದು. 'ಮಾರಾಟ: ಎಪಿಗ್ರಾಫಿಯಾ ಕರ್ನಾಟಿಕಾ, ಹಳೆಯ ಮುದ್ರಣದ 7 ಮತ್ತು 8ನೇ ಸಂಪುಟ, ಶಿವಮೊಗ್ಗ ಜಿಲ್ಲೆಯವು. ನಮ್ಮ ತಂದೆಯವರು ಇಟ್ಟುಕೊಂಡಿದ್ದವು. ಅವರು ಹೋದ ಮೇಲೆ ಮನೆಯಲ್ಲಿ ಓದುವವರಿಲ್ಲ. 7ರ ಬೆನ್ನು ಕಿತ್ತಿದೆ. 8ಕ್ಕೆ ಗೆದ್ದಲು ಹಿಡಿದು ಕೊನೆಯ ಸುಮಾರು 30 ಪುಟದ ಅಂಚು ಹೋಗಿದೆ, ಅಕ್ಷರಕ್ಕೆ ಏನೂ ಆಗಿಲ್ಲ. ಇವು ಅಂತರ್ಜಾಲದಲ್ಲಿ ಬಿಟ್ಟಿ ಸಿಗುತ್ತವೆ, ಕಾಗದದ ಮೇಲೆ ಬೇಕು ಅನ್ನುವವರು ಮಾತ್ರ ಕೇಳಿ.'

ಶಿಕಾರಿಪುರದ ಶಾಸನಗಳಿರುವುದು 7ರಲ್ಲೇ. ಮತ್ತರಿನ ಹುಡುಗನಿಗೆ ನಾನೇ ಫೋನ್ ಮಾಡಿದೆ. ಅವನು ಆಗಲೇ ನೋಡಿ, ಅವರ ಹತ್ತಿರ ಮಾತಾಡಿ, ಎರಡು ಕಂತಿನಲ್ಲಿ ಕೊಡುತ್ತೇನೆ ಅಂತ ಒಪ್ಪಿಸಿಯೂ ಆಗಿತ್ತು. 8ನೇದು ಇನ್ನೂ ಇದೆಯಂತೆ.