ಶೇಕಡಾ 37ರಲ್ಲಿ ನಿಂತ ಉಸಿರು

ನಮ್ಮ ಮನೆಯ ಲ್ಯಾಪ್‌ಟಾಪ್ ಮೊದಲ ಸಲ ಪ್ರಾಣ ಬಿಟ್ಟದ್ದು ಜುಲೈ ತಿಂಗಳ ಒಂದು ಸಂಜೆ. ನಾನಾಗ 62 ವಿದ್ಯಾರ್ಥಿಗಳ ಆಂತರಿಕ ಮೌಲ್ಯಮಾಪನದ ಅಂಕಗಳನ್ನು ಒಂದೊಂದಾಗಿ ತುಂಬುತ್ತಾ, ಪಕ್ಕದಲ್ಲಿ ಪ್ರಾಂಶುಪಾಲರ ಆನ್‌ಲೈನ್ ಸಭೆಯನ್ನೂ ತೆರೆದಿಟ್ಟುಕೊಂಡು, 58ನೆಯ ಹುಡುಗನ ಹೆಸರಿಗೆ ಬಂದು ತಲುಪಿದ್ದೆ. ನಮ್ಮೂರು ಸಾಗರದ ಆಷಾಢದಲ್ಲಿ ಕರೆಂಟ್ ಎಂಬುದು ಮಳೆ ಬಿಡುವು ಕೊಟ್ಟಾಗ ನೆಂಟರಂತೆ ಬಂದು, ಕಾಫಿ ಆರುವ ಮೊದಲೇ ಎದ್ದು ಹೊರಡುವ ವಸ್ತುವಾದ್ದರಿಂದ ಅದು ಹೋದಾಗ ನಾನು ತಲೆಯನ್ನೂ ಎತ್ತಲಿಲ್ಲ. ಪರದೆಯ ಮೂಲೆಯಲ್ಲಿದ್ದ ಬ್ಯಾಟರಿಯ ಚಿತ್ರ ಶೇಕಡಾ 37 ಎಂದು ತೋರಿಸುತ್ತಿತ್ತು. ಉಳಿದ ನಾಲ್ವರಿಗೆ ಅಂಕ ಕೊಡಲು ಅಷ್ಟು ಧಾರಾಳವಾಯಿತು ಎಂದುಕೊಂಡು ಮುಂದಿನ ಹೆಸರಿಗೆ ಕೈ ಹಾಕುವಷ್ಟರಲ್ಲಿ ಪರದೆ ಕಪ್ಪಾಯಿತು. ಎಚ್ಚರಿಕೆಯ ಗಂಟೆಯಿಲ್ಲ, ಕೆಂಪು ದೀಪವಿಲ್ಲ, ‘ಹೋಗಿ ಬರುತ್ತೇನೆ’ ಎಂಬ ಒಂದು ಮಾತಿಲ್ಲ. ಕಪ್ಪು ಗಾಜಿನಲ್ಲಿ ನನ್ನದೇ ಮುಖ ಕಾಣಿಸಿತು, ಅದರ ಬಾಯಿ ತೆರೆದಿತ್ತು.

ಅಂಕಗಳನ್ನು ಉಳಿಸಿದ್ದೆನೇ ಎಂದು ದಯವಿಟ್ಟು ಯಾರೂ ಕೇಳಬಾರದು.

ಮನೆಯಲ್ಲಿ ಒಂದು ವಸ್ತು ಕೆಟ್ಟರೆ ಅದಕ್ಕೆ ಕಾರಣ ಹೇಳುವವರಿಗೆ ಬರವಿರುವುದಿಲ್ಲ. ನನ್ನ ಹೆಂಡತಿ, ‘ಅದಕ್ಕೂ ನಿಮ್ಮ ಸಹವಾಸ ದೋಷ, ಕೆಲಸದ ನಡುವೆ ಕೂತಲ್ಲೇ ಕಣ್ಣು ಮುಚ್ಚುತ್ತದೆ’ ಎಂದಳು. 81 ವರ್ಷದ ನನ್ನ ಅಮ್ಮ, ಮಳೆಗಾಲದ ಥಂಡಿಗೆ ಮನುಷ್ಯರೇ ತಡೆಯುವುದಿಲ್ಲ, ಇನ್ನು ಯಂತ್ರ ತಡೆಯುತ್ತದೆಯೇ ಎಂದು ಕೇಳಿ, ರಾತ್ರಿ ಚಾರ್ಜಿಗೆ ಹಾಕಿಟ್ಟ ಲ್ಯಾಪ್‌ಟಾಪಿಗೆ ತಮ್ಮ ಉಣ್ಣೆಯ ಶಾಲನ್ನು ಹೊದಿಸಿ ಮಲಗಿಸಿದರು. ಬೆಳಿಗ್ಗೆ ಶಾಲು ತೆಗೆದು ಮುಟ್ಟಿದರೆ ಅದು ಜ್ವರ ಬಂದ ಮಗುವಿನ ಹಣೆಯಂತೆ ಸುಡುತ್ತಿತ್ತು. ಲಿಥಿಯಂ ಅಯಾನ್ ಬ್ಯಾಟರಿಗೆ ತುಂಬಿದ ಹೊಟ್ಟೆ ಮತ್ತು ಸೆಕೆ ಎರಡೂ ಒಟ್ಟಿಗೆ ಬಂದರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ನನಗೆ ಆಮೇಲೆ ತಿಳಿದ ವಿಷಯ. ಅಮ್ಮನಿಗೆ ಇದನ್ನು ಹೇಳುವ ಧೈರ್ಯ ಇಂದಿಗೂ ಬಂದಿಲ್ಲ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಮಗಳು ಫೋನಿನಲ್ಲಿಯೇ ನಾಡಿ ಹಿಡಿದಳು. ‘ಅಪ್ಪ, ಈವೆಂಟ್ ವ್ಯೂವರ್ ತೆರೆದು ನೋಡು, ಯಾಕೆ ಆಫ್ ಆಯಿತು ಅಂತ ಅದರಲ್ಲಿ ಬರೆದಿರುತ್ತದೆ’ ಎಂದಳು. ಯಂತ್ರವೇ ತನ್ನ ಸಾವಿನ ಕಾರಣವನ್ನು ಬರೆದಿಟ್ಟು ಹೋಗುತ್ತದೆ ಎಂಬ ವ್ಯವಸ್ಥೆಗೆ ನಾನು ಮನಸಾರೆ ತಲೆದೂಗಿದೆ. ಅರ್ಧ ಗಂಟೆ ಹುಡುಕಿದ ಮೇಲೆ ಕರ್ನಲ್ ಪವರ್, ಸಂಖ್ಯೆ 41 ಎಂಬ ಒಂದು ಕೆಂಪು ಗುರುತಿನ ಸಾಲು ಸಿಕ್ಕಿತು. ಅದರಲ್ಲಿ ಇಂಗ್ಲಿಷಿನಲ್ಲಿ ಬರೆದದ್ದರ ತಾತ್ಪರ್ಯವಿಷ್ಟು: ‘ಈ ಯಂತ್ರವು ಮೊದಲು ಕ್ರಮಬದ್ಧವಾಗಿ ಮುಚ್ಚಿಕೊಳ್ಳದೆಯೇ ಮರಳಿ ಶುರುವಾಗಿದೆ.’ ಸತ್ತವನ ಮನೆಗೆ ಬಂದು, ಕೂಲಂಕಷವಾಗಿ ಪರೀಕ್ಷಿಸಿ, ಇವರು ಉಸಿರಾಡುವುದನ್ನು ನಿಲ್ಲಿಸಿದ್ದರಿಂದ ತೀರಿಕೊಂಡಿದ್ದಾರೆ ಎಂದು ಷರಾ ಬರೆದು ಹೋಗುವ ವೈದ್ಯರು ನೆನಪಾದರು. ಅಂಥ ಷರಾಗಳು ಆ ಪಟ್ಟಿಯಲ್ಲಿ ಒಟ್ಟು 23 ಇದ್ದವು. ಅಂದರೆ ನನ್ನ ಲ್ಯಾಪ್‌ಟಾಪ್ ಅದಕ್ಕೆ ಮೊದಲೇ 22 ಸಲ ಸತ್ತು ಹುಟ್ಟಿತ್ತು, ನಾನು ಅದನ್ನು ಕಂಪ್ಯೂಟರ್ ಅಪ್‌ಡೇಟ್ ಆಗುತ್ತಿದೆ ಎಂದುಕೊಂಡು ಚಹಾ ಕುಡಿಯಲು ಎದ್ದು ಹೋಗಿದ್ದೆ.

ಮೂರನೆಯ ಅಭಿಪ್ರಾಯ ನಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟರದು. ಯಂತ್ರ ಅತಿಯಾಗಿ ಬಿಸಿಯಾದರೆ ಒಳಗಿನ ಪ್ರೊಸೆಸರ್ ಸುಟ್ಟುಹೋಗದಿರಲೆಂದು ತಾನಾಗಿಯೇ ಆಫ್ ಆಗುತ್ತದೆ, ಆದ್ದರಿಂದ ಮೊದಲು ಫ್ಯಾನನ್ನು ನೋಡಬೇಕು ಎಂಬುದು ಅವರ ವಾದ. ಒಂದು ಭಾನುವಾರ ಅವರು ಸ್ಕ್ರೂಡ್ರೈವರ್‌ಗಳ ಡಬ್ಬಿಯೊಂದಿಗೆ ಬಂದರು. ಊಟದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ, ಲ್ಯಾಪ್‌ಟಾಪನ್ನು ಬೋರಲು ಮಲಗಿಸಿ, ಹನ್ನೊಂದು ಸ್ಕ್ರೂಗಳನ್ನು ಬಿಚ್ಚಿ ಒಂದು ಕುಂಕುಮದ ಬಟ್ಟಲಲ್ಲಿ ಹಾಕಿದೆವು. ಆದರೂ ಮುಚ್ಚಳ ಏಳಲಿಲ್ಲ. ಉಳಿದೆರಡು ಸ್ಕ್ರೂಗಳು ರಬ್ಬರಿನ ಕಾಲುಗಳ ಅಡಿಯಲ್ಲಿ ಅಡಗಿದ್ದವೆಂದು ತಿಳಿಯುವ ಹೊತ್ತಿಗೆ ಮುಚ್ಚಳದ ಒಂದು ಮೂಲೆ ಲಟಕ್ ಎಂದಿತ್ತು. ‘ಅದೇನೂ ಅಲ್ಲ’ ಎಂದರು ಮೇಷ್ಟರು. ವಿಜ್ಞಾನಿಗಳು ಈ ಮಾತನ್ನು ಹೇಳಿದಾಗ ಏನೋ ಆಗಿರುತ್ತದೆ ಎಂಬುದು ನನ್ನ ಅನುಭವ.

ಒಳಗೆ ಕಂಡ ದೃಶ್ಯ ಮಾತ್ರ ಅವರ ವಾದಕ್ಕೆ ಪುಷ್ಟಿ ಕೊಡುವಂತಿತ್ತು. ಫ್ಯಾನಿನ ಗಾಳಿ ಹೊರಹೋಗುವ ದಾರಿಯಲ್ಲಿ ಬಾಚಣಿಗೆಯ ಹಲ್ಲುಗಳಂತೆ ತೆಳ್ಳಗಿನ ಲೋಹದ ಪಟ್ಟಿಗಳಿರುತ್ತವೆ. ಅವುಗಳ ಬಾಯಿಗೆ ಆರು ವರ್ಷದ ಧೂಳು ಕಂಬಳಿಯ ತುಂಡಿನಂತೆ ಹೆಣೆದುಕೊಂಡು ಕುಳಿತಿತ್ತು. ಚಿಮಟಿಗೆಯಲ್ಲಿ ಹಿಡಿದು ಎಳೆದರೆ ಒಂದೇ ತುಂಡಾಗಿ ಬಂತು. ಅದರೊಳಗೆ ನನ್ನ ಎರಡು ನರೆಗೂದಲು, ಒಂದು ಕಾಳು ಜೀರಿಗೆ, ಒಗ್ಗರಣೆ ಅವಲಕ್ಕಿಯ ಒಂದು ಶೇಂಗಾ ಬೀಜದ ಅರ್ಧ ಭಾಗ ಸಿಕ್ಕಿದವು. ಕೆಲಸ ಮಾಡುವಾಗ ಏನೂ ತಿನ್ನುವುದಿಲ್ಲ ಎಂದು ನಾನು ಹತ್ತಾರು ಬಾರಿ ಸಾಧಿಸಿದ್ದೆನಾದ್ದರಿಂದ, ನನ್ನ ಹೆಂಡತಿ ಆ ಶೇಂಗಾ ಬೀಜವನ್ನು ಬಹಳ ಹೊತ್ತು ನೋಡಿದಳು. ಬ್ಯಾಟರಿಯನ್ನೂ ನಾವು ನೋಡಿದೆವು. ಅದರ ನಡುಭಾಗ ತುಸು ಮೈ ತುಂಬಿಕೊಂಡಂತೆ ಕಂಡಿತು. ಆದರೆ ಲ್ಯಾಪ್‌ಟಾಪಿನ ಬ್ಯಾಟರಿ ಎಷ್ಟು ದಪ್ಪವಿರಬೇಕು ಎಂಬುದು ಕನ್ನಡ ಪಾಠ ಮಾಡುವ ನನಗೂ ಭೌತಶಾಸ್ತ್ರ ಪಾಠ ಮಾಡುವ ಅವರಿಗೂ ಗೊತ್ತಿರಲಿಲ್ಲ. ಮುಚ್ಚಳ ಮುಚ್ಚಿದೆವು. ಬಟ್ಟಲಲ್ಲಿ ಒಂದು ಸ್ಕ್ರೂ ಉಳಿಯಿತು. ಅದನ್ನು ಕಂಪನಿಯವರು ಹೆಚ್ಚಾಗಿ ಹಾಕಿರಬೇಕು ಎಂದು ಇಬ್ಬರೂ ಒಮ್ಮತಕ್ಕೆ ಬಂದೆವು.

ಯಂತ್ರದ ಉಷ್ಣಾಂಶ 94 ಡಿಗ್ರಿಯಿಂದ 71ಕ್ಕೆ ಇಳಿಯಿತು, ಫ್ಯಾನಿನ ಗೊರಕೆ ನಿಂತಿತು. ಅಂದೇ ಸಂಜೆ ಮಗಳೊಂದಿಗೆ ವೀಡಿಯೊ ಕರೆಯಲ್ಲಿ ಈ ವಿಜಯವನ್ನು ವರ್ಣಿಸುತ್ತಿದ್ದಾಗ, ಶೇಕಡಾ 36ರಲ್ಲಿ, ಅದು ಮತ್ತೆ ಉಸಿರು ನಿಲ್ಲಿಸಿತು.

ಮೇಷ್ಟರ ದೊಡ್ಡ ಗುಣವೆಂದರೆ ತಮ್ಮ ವಾದ ಸೋತಾಗ ಅವರಿಗೆ ಉತ್ಸಾಹ ಹೆಚ್ಚುತ್ತದೆ. ಮರುದಿನವೇ ಪ್ರಯೋಗ ಶುರುವಾಯಿತು. ನಮ್ಮ ಇನ್ವರ್ಟರಿನ ಸಂಪರ್ಕವಿರುವ ಪ್ಲಗ್ ದೇವರ ಮನೆಯ ಪಕ್ಕದ ಒಂದೇ ಒಂದಾದ್ದರಿಂದ ಪ್ರಯೋಗಶಾಲೆಯೂ ಅಲ್ಲಿಯೇ ಸ್ಥಾಪನೆಯಾಯಿತು. ಚಾರ್ಜರ್ ಚುಚ್ಚಿಟ್ಟು ಮೂರು ಗಂಟೆ ವೀಡಿಯೊ ಓಡಿಸಿದರೂ ಯಂತ್ರ ಮಿಸುಕಲಿಲ್ಲ. ಬಿಸಿಯೇ ಕಾರಣವಾಗಿದ್ದರೆ ಚಾರ್ಜರ್ ಇದ್ದಾಗಲೂ ಅದು ಆಫ್ ಆಗಬೇಕಿತ್ತು. ಚಾರ್ಜರ್ ತೆಗೆದು, ಪರದೆಯ ಬೆಳಕನ್ನು ತಗ್ಗಿಸಿ, ‘ನುಡಿ’ ತಂತ್ರಾಂಶದಲ್ಲಿ ಬರೀ ಬೆರಳಚ್ಚು ಮಾಡುತ್ತ ಕುಳಿತರೆ ಶೇಕಡಾ 15ರವರೆಗೂ ಹೇಗೋ ಜೀವ ಹಿಡಿದುಕೊಂಡಿತು. ಆದರೆ ಚಾರ್ಜರಿಲ್ಲದೆ ವೀಡಿಯೊ ಕರೆ ಮಾಡಿದರೆ 35ರಿಂದ 40ರ ನಡುವೆ ಎಲ್ಲಿಯಾದರೂ ಹೋಗುವುದು ಖಂಡಿತ. ಮೇಷ್ಟರು ನಮ್ಮ ತಾರಸಿಯ ಕಡೆ ಕೈ ತೋರಿಸಿ ವಿವರಿಸಿದರು. ಮೇಲೆ ಟ್ಯಾಂಕಿನಲ್ಲಿ ನೀರಿದೆ, ಆದರೆ ಪೈಪಿನೊಳಗೆ ತುಕ್ಕು ಕಟ್ಟಿದೆ ಎಂದುಕೊಳ್ಳಿ. ಅಡುಗೆ ಮನೆಯ ಒಂದು ನಲ್ಲಿ ಬಿಟ್ಟರೆ ನೀರು ಬರುತ್ತದೆ, ಅದೇ ಹೊತ್ತಿಗೆ ಬಚ್ಚಲು ಮನೆಯ ನಲ್ಲಿಯನ್ನೂ ತಿರುಗಿಸಿದರೆ ಎರಡರಲ್ಲೂ ಗಾಳಿ ಬರುತ್ತದೆ. ಬ್ಯಾಟರಿ ಹಳತಾದಂತೆ ಅದರ ಆಂತರಿಕ ರೋಧ ಹೆಚ್ಚುತ್ತದೆ, ಒಮ್ಮೆಲೇ ಹೆಚ್ಚು ವಿದ್ಯುತ್ ಕೇಳಿದರೆ ವೋಲ್ಟೇಜ್ ಧೊಪ್ಪನೆ ಕುಸಿಯುತ್ತದೆ. ಒಳಗಿರುವುದು ಸರಣಿಯಲ್ಲಿ ಕಟ್ಟಿದ ಮೂರು ಸೆಲ್‌ಗಳು, ಅವುಗಳಲ್ಲಿ ಒಂದು ಮುಗ್ಗರಿಸಿದರೂ ನೊಗದ ಜೊತೆಗಾರ ಬಿದ್ದ ಎತ್ತಿನಂತೆ ಉಳಿದವೂ ನಿಲ್ಲಲೇಬೇಕು. ಕಾವಲಿಗಿರುವ ಪುಟ್ಟ ಸರ್ಕ್ಯೂಟ್ ಕೂಡಲೇ ಸಂಪರ್ಕ ಕಡಿಯುತ್ತದೆ, ಗಂಟೆ ಬಾರಿಸುತ್ತಾ ಕೂರಲು ಅದಕ್ಕೆ ವ್ಯವಧಾನವಿಲ್ಲ.

ಹಾಗಾದರೆ ಆ 37 ಎಂಬ ಅಂಕಿ? ಅದು ಅಂದಾಜು ಎಂದರು ಮೇಷ್ಟರು. ಸೆಲ್‌ಗಳ ಜೊತೆಗಿರುವ ಒಂದು ಚಿಪ್ ಎಷ್ಟು ಒಳಬಂತು, ಎಷ್ಟು ಹೊರಹೋಯಿತು ಎಂದು ಲೆಕ್ಕವಿಟ್ಟು ಹೇಳುವ ಮಾತದು. ವರ್ಷಗಳು ಕಳೆದಂತೆ ಆ ಲೆಕ್ಕವೂ ಹಳೆಯ ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದಂತೆ ವಾಸ್ತವಕ್ಕಿಂತ ಬೇರೆಯಾಗುತ್ತದೆ. ಇಷ್ಟು ವರ್ಷ ಆ ಅಂಕಿಯನ್ನು ನಾನು ಪಂಚಾಂಗದ ತಿಥಿಯಷ್ಟೇ ಖಚಿತವೆಂದು ನಂಬಿದ್ದೆ. ನಲ್ಲಿಯ ಗಾಳಿಗಿಂತ ಈ ಸುದ್ದಿಯೇ ನನ್ನನ್ನು ಹೆಚ್ಚು ಅಲುಗಾಡಿಸಿತು.

ನಿಜ ಸ್ಥಿತಿ ತಿಳಿಯಲು ಮಗಳು ಒಂದು ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಹೇಳಿಕೊಟ್ಟಳು. ಕಪ್ಪು ಕಿಟಕಿಯಲ್ಲಿ ಪವರ್ ಸಿಎಫ್‌ಜಿ ಎಂದು ಬರೆದು, ಜಾಗ ಬಿಟ್ಟು, ಓರೆಗೆರೆ ಎಳೆದು, ಬ್ಯಾಟರಿ ರಿಪೋರ್ಟ್ ಎಂದು ಕೂಡಿಸಿ ಬರೆದರೆ ವಿಂಡೋಸ್ ತಾನೇ ಒಂದು ಜಾತಕವನ್ನು ಸಿದ್ಧಪಡಿಸುತ್ತದೆ. ಹುಟ್ಟಿದಾಗಿನ ಸಾಮರ್ಥ್ಯ 41,000 ಮಿಲಿವ್ಯಾಟ್ ಅವರ್, ಈಗ ಪೂರ್ತಿ ತುಂಬಿದಾಗಿನ ಸಾಮರ್ಥ್ಯ 14,200, ಚಾರ್ಜ್ ಆವೃತ್ತಿಗಳು, ಅಂದರೆ ತುಂಬಿ ಖಾಲಿಯಾದ ಸುತ್ತುಗಳು, 768. ಇಂಥ ಬ್ಯಾಟರಿಗಳು ಸಾಮಾನ್ಯವಾಗಿ 300ರಿಂದ 500 ಆವೃತ್ತಿಗಳ ನಂತರ ಮೂಲ ಸಾಮರ್ಥ್ಯದ ಶೇಕಡಾ 80ರ ಆಸುಪಾಸಿಗೆ ಇಳಿಯುತ್ತವಂತೆ, ನಮ್ಮದು ಶೇಕಡಾ 35ಕ್ಕೆ ಬಂದು ಕುಳಿತಿತ್ತು. ಅಂದರೆ ಅಂದು ಪರದೆಯ ಮೇಲೆ ಕಂಡ 37 ಈ ಉಳಿದ ಮೂರನೆಯ ಒಂದು ಭಾಗದಲ್ಲಿನ 37. ಹೊಸದರಲ್ಲಿದ್ದ ಶಕ್ತಿಯ ಸುಮಾರು ಎಂಟನೆಯ ಒಂದು ಪಾಲು ಮಾತ್ರ ಉಳಿದಿತ್ತು. ಆಸ್ತಿಯೆಲ್ಲ ಕರಗಿದ ಮೇಲೂ ಶ್ಯಾನುಭೋಗರ ಮನೆತನವೆಂದು ಹೇಳಿಕೊಂಡು ತಿರುಗುವವರು ನಮ್ಮ ಸೀಮೆಯಲ್ಲಿ ಇರುವಂತೆ, ಅದು ಪ್ರತಿ ಬೆಳಿಗ್ಗೆ ಶೇಕಡಾ 100 ಎಂದು ಎದೆಯುಬ್ಬಿಸಿ ಹೇಳುತ್ತಿತ್ತು.

ಈ ಬ್ಯಾಟರಿಗಳ ಪೂರ್ವಜರ ಬಗ್ಗೆ ಓದಿದಾಗ ನನಗೆ ಇನ್ನಷ್ಟು ಬೇಸರವಾಯಿತು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಕೋಬಾಲ್ಟ್ ಆಕ್ಸೈಡನ್ನು ಬಳಸಿ ಇದಕ್ಕೆ ಬುನಾದಿ ಹಾಕಿದವರಲ್ಲಿ ಮುಖ್ಯರಾದ ಜಾನ್ ಗುಡ್‌ಇನಫ್ ಅವರಿಗೆ 2019ರಲ್ಲಿ, ಮತ್ತಿಬ್ಬರ ಜೊತೆಗೆ, ರಸಾಯನಶಾಸ್ತ್ರದ ನೊಬೆಲ್ ಬಂದಾಗ ವಯಸ್ಸು 97. ಆ ವಯಸ್ಸಿನಲ್ಲಿಯೂ ಅವರು ಸಂಶೋಧನೆಯಲ್ಲಿ ತೊಡಗಿದ್ದರು. ಹೆಸರಿನ ಅರ್ಥ ಬೇರೆ, ‘ಸಾಕಷ್ಟು ಒಳ್ಳೆಯದು’. ಅಂಥವರ ವಂಶದ ಕುಡಿ ಆರೇ ವರ್ಷಕ್ಕೆ ನನ್ನ ಮೇಜಿನ ಮೇಲೆ ಏದುಸಿರು ಬಿಡುತ್ತಿತ್ತು.

ಪೂರ್ತಿ ತುಂಬಿಸಿ, ಪೂರ್ತಿ ಖಾಲಿ ಮಾಡಿ, ಮತ್ತೆ ತುಂಬಿಸಿದರೆ ಚಿಪ್‌ನ ಲೆಕ್ಕ ಸರಿಹೋಗುತ್ತದೆ ಎಂದು ಮಗಳು ಹೇಳಿದಂತೆ ಅದನ್ನೂ ಮಾಡಿದೆ. ಸರಿಹೋದದ್ದು ಲೆಕ್ಕ ಮಾತ್ರ. ಈಗ ಅದು 40ರಿಂದ ನೇರವಾಗಿ 6ಕ್ಕೆ ಹಾರಿ, ಕೆಂಪು ದೀಪ ತೋರಿಸಿ, ವಿಧಿವತ್ತಾಗಿ ಸಾಯುತ್ತಿತ್ತು.

ಅಕ್ಟೋಬರ್ ಹೊತ್ತಿಗೆ ಹೊಸ ಲಕ್ಷಣಗಳು ಕಾಣಿಸಿದವು. ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಎನ್ನುವುದು ನಿಂತಿತು. ಮೇಜಿನ ಮೇಲಿಟ್ಟರೆ ಲ್ಯಾಪ್‌ಟಾಪ್ ತಳ ಉಬ್ಬಿದ ತಟ್ಟೆಯಂತೆ ಅತ್ತಿತ್ತ ತೂಗುತ್ತಿತ್ತು. ಮುಚ್ಚಿದರೆ ಪರದೆ ಪೂರ್ತಿ ಕೂರುತ್ತಿರಲಿಲ್ಲ. ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲುಗಳೂ ಹೀಗೆಯೇ ಉಬ್ಬುವುದರಿಂದ ನನಗೆ ಇದು ಅಸಹಜವೆನಿಸಲಿಲ್ಲ. ಪುಸ್ತಕದ ರಟ್ಟು ಸೊಟ್ಟಗಾದಾಗ ಮಾಡುವ ಉಪಾಯವನ್ನೇ ಮಾಡಿದೆ. ಮೂರು ದಪ್ಪ ನಿಘಂಟುಗಳನ್ನು ಅದರ ಮೇಲೆ ಹೇರಿ, ಒಂದು ವಾರ ಹಾಗೆಯೇ ಬಿಟ್ಟೆ.

ರಿಪೇರಿ ಅಂಗಡಿಯ ಹುಡುಗ ಅದನ್ನು ಕೈಗೆತ್ತಿಕೊಂಡು, ಪಕ್ಕದಿಂದ ಒಮ್ಮೆ ನೋಡಿದವನೇ ಕೆಳಗಿಟ್ಟ. ನಿಧಾನವಾಗಿ ಸ್ಕ್ರೂಗಳನ್ನು ಬಿಚ್ಚಿ, ‘ಒಂದು ಸ್ಕ್ರೂ ಕಮ್ಮಿ ಇದೆಯಲ್ಲ ಸಾರ್’ ಎಂದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಮುಚ್ಚಳ ತೆಗೆದಾಗ ಕಂಡದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸಾಲಾಗಿ ಮಲಗಿದ್ದ ಮೂರು ಬೆಳ್ಳಿ ಬಣ್ಣದ ಚೀಲಗಳಲ್ಲಿ ನಡುವಿನದು ಎಣ್ಣೆಗೆ ಬಿದ್ದ ಪೂರಿಯಂತೆ ಬಿಗಿಯಾಗಿ ಉಬ್ಬಿ, ಟಚ್‌ಪ್ಯಾಡನ್ನು ಕೆಳಗಿನಿಂದ ಒತ್ತಿಹಿಡಿದಿತ್ತು. ಒಳಗಿನ ದ್ರಾವಣ ವಿಘಟನೆಯಾಗಿ ಅನಿಲ ತುಂಬಿಕೊಂಡರೆ ಹೀಗಾಗುತ್ತದೆ ಎಂದು ಹೇಳುತ್ತ, ಲೋಹದ ಸ್ಕ್ರೂಡ್ರೈವರನ್ನು ದೂರ ಸರಿಸಿ, ಒಂದು ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಅದನ್ನು ಮೆಲ್ಲಗೆ ಎಬ್ಬಿಸಿದ. ‘ಇದಕ್ಕೆ ತೂತು ಬಿದ್ದರೆ ಬೆಂಕಿ ಹತ್ತುತ್ತದೆ ಸಾರ್. ನೀವು ಇದರ ಮೇಲೆ ಭಾರ ಗೀರ ಏನೂ ಇಟ್ಟಿರಲಿಲ್ಲ ತಾನೇ?’ ಎಂದು ಕೇಳಿದ. ಕನ್ನಡದ ಅಷ್ಟೂ ಪದಗಳನ್ನು ಅದರ ಮೇಲೆ ಹೇರಿದ್ದ ನನಗೆ ಆಗ ಒಂದು ಪದವೂ ಹೊರಡಲಿಲ್ಲ.

ಹೊಸ ಬ್ಯಾಟರಿಯಲ್ಲಿ ಒರಿಜಿನಲ್, ಕಂಪನಿ ಒರಿಜಿನಲ್, ಒರಿಜಿನಲ್ ಥರದ್ದು ಎಂದು ಮೂರು ಜಾತಿಗಳಿದ್ದವು. ಎರಡನೆಯದಕ್ಕೆ 2,800 ರೂಪಾಯಿ ಕೊಟ್ಟು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದ್ದಾಯಿತು. ಈಗ ಅದು ಮೂರು ಗಂಟೆ ಓಡುತ್ತದೆ. ಆದರೆ 40ರ ಹತ್ತಿರ ಬಂದ ಕೂಡಲೇ ನನ್ನ ಕೈ ತಾನಾಗಿ ಕಂಟ್ರೋಲ್ ಮತ್ತು ಎಸ್ ಕೀಲಿಗಳ ಮೇಲೆ ಹೋಗುತ್ತದೆ. ಒಂದು ವಾಕ್ಯಕ್ಕೆ ಎರಡು ಸಲ ಉಳಿಸುತ್ತೇನೆ, ಅಲ್ಪವಿರಾಮಕ್ಕೂ ಒಂದು ಸಲ.

ಹಳೆಯ ಬ್ಯಾಟರಿಯನ್ನು ಹುಡುಗ ಒಂದು ಪೊಟ್ಟಣದಲ್ಲಿ ಕಟ್ಟಿ ನನ್ನ ಕೈಗೇ ಕೊಟ್ಟಿದ್ದ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಬೇರೆ ಕಸದೊಂದಿಗೆ ಬೆರೆಸುವಂತಿಲ್ಲ. ಬೆಳಿಗ್ಗೆ ಬಂದ ಕಸದ ಗಾಡಿಯ ಹೆಂಗಸು, ‘ಇದು ಹಸಿಯೋ ಒಣಗಿದ್ದೋ ಸಾರ್?’ ಎಂದು ಕೇಳಿ, ನಾನು ವಿವರಿಸಲು ಹೊರಟಾಗ ಗಾಡಿಯನ್ನು ಮುಂದಕ್ಕೆ ಬಿಡಿಸಿದಳು. ಮಗಳು ದೀಪಾವಳಿಗೆ ಬಂದಾಗ ಬೆಂಗಳೂರಿನ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಯ್ಯುವುದೆಂದು ತೀರ್ಮಾನವಾಗಿ, ಅಲ್ಲಿಯವರೆಗೆ ಅದನ್ನು ಮಣ್ಣಿನ ಮಡಕೆಯಲ್ಲಿ ಒಣ ಮರಳು ತುಂಬಿ ಹೂತು, ಮನೆಯಿಂದ ದೂರ, ಕಾಂಪೌಂಡಿನ ಮೂಲೆಯ ತಗಡಿನ ಮಾಡಿನ ಕೆಳಗೆ ಇಟ್ಟೆ. ಆ ಮಾಡಿನ ಕೆಳಗೆ ಅಮ್ಮನ ಹೂವಿನ ಕುಂಡಗಳೂ ಇವೆ ಎಂಬುದು ಮರುದಿನ ಬೆಳಿಗ್ಗೆ ಅವರು ತುಂಬಿದ ಚೊಂಬು ಹಿಡಿದು ಅತ್ತ ನಡೆಯುವಾಗ ನೆನಪಾಯಿತು. ಓಡಿ ಹೋಗಿ ಮಡಕೆಗೆ ಅಡ್ಡ ನಿಂತೆ.

‘ಯಾಕೋ, ಇದರಲ್ಲಿ ಏನು ಹಾಕಿದ್ದೀಯ?’ ಎಂದರು.

‘ಹಳೆಯ ಬ್ಯಾಟರಿ ಅಮ್ಮ. ನೀರು ಹಾಕಬಾರದು.’

ಅಮ್ಮ ಚೊಂಬನ್ನು ಕೆಳಗಿಟ್ಟು, ಮರಳನ್ನು ಬಗ್ಗಿ ನೋಡಿ, ‘ನೀರು ಹಾಕದಿದ್ದರೆ ಹೇಗೆ ಬರುತ್ತದೆ?’ ಎಂದು ಕೇಳಿದರು.